ನಗು ಕೊನೆಯ ಪದಕ್ಕೆ ಸಿಗಲಿ

ಪ್ರೀತಿಯ ತಮ್ಮಾ,

ನಿನ್ನ ಮುಂಬೈ ಲೋಕಲ್ ಟ್ರೇನಿನ ಚುಟುಕು ಓದಿದೆ. ವಿಷಯ ಚೆನ್ನಾಗಿದೆ, ದಿನಾ ದಾದರ್‌ನಲ್ಲಿ ಇಳಿಯುವವರಿಗಂತೂ ಗೊತ್ತಿರುವ ಪಾಡೇ. ಆದರೆ ನಗು ಬರಬೇಕಾದ ಕಡೆಯೇ ಬರಲಿಲ್ಲ. ಯಾಕೆ ಅಂತ ಬಿಡಿಸಿ ನೋಡೋಣ.

ಲೋಕಲಿನ ಬಾಗಿಲಲಿ ಜೋತಾಡಿ ಬಂದೆ
ದಾದರಲಿ ಇಳಿಬೇಕು ದಾರಿ ಬಿಡಿ ಎಂದೆ
ಹತ್ತೋರು ನೂಕಿದರು ನನ್ನ ಗತಿ ನೋಡು
ಜೋಡು ಮಾತ್ರ ಕೆಳಗೆ ಇಳಿಯಿತು ನೋಡು

ಮೊದಲ ಮೂರು ಸಾಲನ್ನು ತಾಳ ಹಾಕಿ ಗಟ್ಟಿಯಾಗಿ ಓದು. ಎಳೆದು ಅಥವಾ ಒತ್ತಿ ಹೇಳುವ ಗುರು ಅಕ್ಷರಕ್ಕೆ ಎರಡು ಮಾತ್ರೆ, ಗಿಡ್ಡ ಲಘುವಿಗೆ ಒಂದು. ಲೋಕಲಿನ, ಬಾಗಿಲಲಿ, ಜೋತಾಡಿ, ಒಂದೊಂದೂ ಐದು ಮಾತ್ರೆಯ ಗಣ, ಅಂದರೆ ಗುಂಪು. ಕೊನೆಗೆ ‘ಬಂದೆ’, ಮೂರು ಮಾತ್ರೆ. ಸಾಲಿಗೆ ಒಟ್ಟು 18. ಮೂರೂ ಸಾಲು ಹಾಗೇ ಓಡುತ್ತವೆ. ನಾಲ್ಕನೆಯದರಲ್ಲಿ ‘ಜೋಡು ಮಾತ್ರ’ ಅನ್ನುವಾಗಲೇ ಆರು ಮಾತ್ರೆ ಆಗಿಬಿಟ್ಟಿತು, ಸಾಲು 16ಕ್ಕೇ ನಿಂತಿತು. ನಗಬೇಕಾದ ಹೊತ್ತಿಗೆ ಓದುವವರು ತಾಳ ಹುಡುಕುತ್ತಿರುತ್ತಾರೆ. ಅದಕ್ಕಿಂತ ಜಾಸ್ತಿ ಕೆಟ್ಟದ್ದು ಇನ್ನೊಂದಿದೆ: ಜೋಡು, ಅಂದರೆ ಕಾಲಿನ ಚಪ್ಪಲಿ, ಆ ಪದದಲ್ಲೇ ಅಲ್ವಾ ನಗು ಇರೋದು? ಅದನ್ನು ಮೊದಲೇ ಹೇಳಿಬಿಟ್ಟೆ, ಆಮೇಲೆ ಸಾಲು ಮುಗಿಸೋಕೆ ‘ನೋಡು’ವಿಗೆ ಮತ್ತೆ ‘ನೋಡು’ ತಂದು ಕೂರಿಸಿದೆ. ಅದೇ ಪದ ಎರಡು ಸಲ ಬಂದರೆ ಕಿವಿಗೆ ಪ್ರಾಸದ ಖುಷಿ ಸಿಗುವುದಿಲ್ಲ. ಹೀಗೆ ಮಾಡಿ ನೋಡು:

ನಾನೊಳಗೆ, ದಾದರಲಿ ಇಳಿದದ್ದು ಜೋಡು

ಐದು, ಐದು, ಐದು, ಮೂರು. ‘ನೋಡು’ ಕೇಳಿದ ಕಿವಿ ಇನ್ನೊಂದು ‘-ಓಡು’ಗೆ ಕಾಯುತ್ತಿರುತ್ತದೆ, ಅಲ್ಲಿಗೆ ಸರಿಯಾಗಿ ಜೋಡು ಬಂದು ಬೀಳುತ್ತದೆ.

ಇಂಗ್ಲಿಷ್ ಪದಗಳಿಗೆ ಹೆದರಬೇಡ. ‘ಪ್ಲಾಟ್‌ಫಾರ್ಮು’ ಕೂಡ ಗುರು, ಗುರು, ಲಘು, ಚೊಕ್ಕ ಐದು ಮಾತ್ರೆ. ಆದಿಪ್ರಾಸ ಬೇಕಾ ಅಂತ ಕೇಳಿದ್ದೆ. ಸಾಲಿನ ಎರಡನೇ ವ್ಯಂಜನ ಹೊಂದಿಸುವ ಆ ಕಟ್ಟು ಹಳೆಯ ಕಾವ್ಯಕ್ಕೆ ಸರಿ, ಚುಟುಕಿಗೆ ಅಂತ್ಯಪ್ರಾಸ ಸಾಕು. ಲಿಮೆರಿಕ್ ಬರೆಯಲಾ ಅಂತಲೂ ಕೇಳಿದ್ದೆ. ಇಂಗ್ಲಿಷಿನ ಆ ತಮಾಷೆ ಪದ್ಯಕ್ಕೆ ಐದು ಸಾಲು, ಒಂದು, ಎರಡು, ಐದಕ್ಕೆ ಒಂದೇ ಪ್ರಾಸ, ನಡುವಿನ ಎರಡು ಚಿಕ್ಕ ಸಾಲಿಗೆ ಇನ್ನೊಂದು. ಬರಿ, ಬೇಡ ಅನ್ನಲ್ಲ. ಆದರೆ ಮೊದಲು ಚುಟುಕಕ್ಕೇ ಹೆಸರಾದ ಕವಿ ದಿನಕರ ದೇಸಾಯಿಯವರನ್ನು ಓದು. ನಮ್ಮ ಮುಂಬೈಯಲ್ಲೇ ಇದ್ದು ಕೆಲಸ ಮಾಡಿದವರು. ನಾಲ್ಕೇ ಸಾಲಿನಲ್ಲಿ, ಹೆಚ್ಚಾಗಿ ಎರಡೆರಡು ಸಾಲಿಗೆ ಪ್ರಾಸ ಕೂಡಿಸಿ, ಎಷ್ಟೆಲ್ಲ ಹೇಳಿದ್ದಾರೆ!

ನೀನು ಕಳಿಸಿದ ಇನ್ನೊಂದು, ಆ ವಡಾಪಾವ್ ಚುಟುಕಿನ ಎರಡನೇ ಸಾಲಿನಲ್ಲೂ ಒಂದು ಮಾತ್ರೆ ಜಾಸ್ತಿ ಇದೆ. ಎಲ್ಲಿ ಅಂತ ನೀನೇ ಹುಡುಕಿ, ತಿದ್ದಿ ಕಳಿಸು.

ನಿನ್ನ ಅಕ್ಕ,
ಮಾಟುಂಗಾ