ಸ್ಪರ್ಸ್ ಸೀಸನ್ ಹತ್ರ ಬಂತು, ಎಲ್ರೂ ಓದಿ

ಎಲ್ರಿಗೂ ನಮಸ್ಕಾರ. 2025ರ ಅಕ್ಟೋಬರ್‌ನಲ್ಲಿ ಎನ್‌ಬಿಎ (ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್) 2025-26 ಸೀಸನ್ ಶುರು, ನಮ್ಮ ಟೀಮ್ ಸ್ಯಾನ್ ಆಂಟೋನಿಯೋ ಸ್ಪರ್ಸ್ ಈ ಸಲ ನಿಜವಾಗ್ಲೂ ನೋಡೋ ಹಾಗಿದೆ. ಹೋದ ಸೀಸನ್ (2024-25) 82 ಮ್ಯಾಚಲ್ಲಿ 34 ಗೆದ್ದು 48 ಸೋತ್ರು, ಅಲ್ಲೀವರೆಗೆ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ನೋಡಿದ್ದು 2019ರಲ್ಲೇ ಕೊನೆ. ಆದ್ರೆ ಫೆಬ್ರವರಿಯಲ್ಲಿ ನಮ್ಮ ಸ್ಟಾರ್ ಆಟಗಾರ ವೆಂಬನ್ಯಾಮಾಗೆ ಬಲ ಭುಜದಲ್ಲಿ ರಕ್ತ ಹೆಪ್ಪುಗಟ್ಟಿ ಬರೀ 46 ಮ್ಯಾಚಿಗೇ ಸೀಸನ್ ಮುಗೀತು ಅನ್ನೋದನ್ನ ಮರೀಬೇಡಿ, ಅಷ್ಟರಲ್ಲೇ ಮ್ಯಾಚಿಗೆ 24.3 ಪಾಯಿಂಟ್, 3.8 ಬ್ಲಾಕ್ (ಎದುರಾಳಿ ಶಾಟ್ ತಡೆಯೋದು)! ಆ ಹುಡುಗ ಪೂರ್ತಿ ಸೀಸನ್ ಆರೋಗ್ಯವಾಗಿ ಆಡ್ಲಿ ಅಂತ ನಾನಂತೂ ದೇವ್ರನ್ನ ಬೇಡ್ಕೊತಿದೀನಿ.

ಪಾಪೊವಿಚ್ ಕೋಚ್ ಜಾಗ ಬಿಟ್ರು, ಸ್ಪರ್ಸ್‌ಗೆ ಐದು ಚಾಂಪಿಯನ್‌ಶಿಪ್ ಗೆಲ್ಸಿದ ಮನುಷ್ಯ, ಈಗ ಕೋಚ್ ಮಿಚ್ ಜಾನ್ಸನ್. ಫಾಕ್ಸ್, ಕ್ಯಾಸಲ್, ಹೊಸ ಹುಡುಗ ಹಾರ್ಪರ್ ಮೂವರೂ ಬಾಲ್ ಕೈಲಿಟ್ಕೊಂಡು ಆಡೋರೇ, ಇವ್ರನ್ನ ಜಾನ್ಸನ್ ಹೆಂಗೆ ಹೊಂದಿಸ್ತಾರೆ ಅನ್ನೋದೇ ನನಗಿರೋ ದೊಡ್ಡ ಕುತೂಹಲ.

ಟೈಮ್ ವಿಷ್ಯ: ಸ್ಯಾನ್ ಆಂಟೋನಿಯೋದಲ್ಲಿ ಸಂಜೆ 7ಕ್ಕೆ ಆಟ ಅಂದ್ರೆ ಹಾಸನದಲ್ಲಿ ಬೆಳಿಗ್ಗೆ 5:30, ನವೆಂಬರ್‌ನಲ್ಲಿ ಅವ್ರು ಗಡಿಯಾರ ಹಿಂದಕ್ಕಿಟ್ಟ ಮೇಲೆ 6:30. ಭಾನುವಾರ ಮ್ಯಾಚ್ ಬಿದ್ರೆ ನಮ್ಮನೆಗೆ ಬನ್ನಿ, ಅಮ್ಮ ಕಾಫಿ ಅಕ್ಕಿರೊಟ್ಟಿ ಮಾಡ್ತೀನಿ ಅಂದಿದಾರೆ, ಎಷ್ಟು ಜನ ಅಂತ ಶನಿವಾರ ರಾತ್ರಿನೇ ಹೇಳ್ಬಿಡಿ. ಸ್ಟೇಡಿಯಂಗೆ ಪ್ರಾಕ್ಟೀಸಿಗೆ ಬರೋ ಚಿಕ್ಕ ಮಕ್ಳನ್ನೂ ಕರ್ಕೊಂಡು ಬನ್ನಿ, ಅಷ್ಟೆತ್ತರದ ವೆಂಬನ್ಯಾಮಾ ಡ್ರಿಬಲ್ ಮಾಡೋದನ್ನ ಅವ್ರು ನೋಡ್ಲೇಬೇಕು. ನೋಡದೆ ಇರೋರು ಇರ್ತಾರೆ, ಮಧ್ಯಾಹ್ನದವರೆಗೂ ಗ್ರೂಪಲ್ಲಿ ಸ್ಕೋರ್ ಹಾಕ್ಬೇಡಿ ಪ್ಲೀಸ್.