ಎಂಒಯುಗೆ ಸಹಿ ಹಾಕುವ ಮುಂಚೆ

ಮೈಸೂರು

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಉದ್ದದ ಮೆಸೇಜು ಓದಿದೆ. ಕೆಲಸಕ್ಕೆ ಸೇರಿ ಎರಡನೇ ವರ್ಷಕ್ಕೇ ಕಾಲೇಜಿನ ‘ಅಂತಾರಾಷ್ಟ್ರೀಯ ಸಹಯೋಗ’ದ ಹೊಣೆಯನ್ನು ನಿನ್ನ ತಲೆಗೆ ಕಟ್ಟಿದ್ದಾರೆ. ಜರ್ಮನಿಯ ಒಂದು ವಿಶ್ವವಿದ್ಯಾಲಯದ ಕಾನೂನು ವಿಭಾಗದವರು ನಿನ್ನ ಇಮೇಲ್‌ಗೆ ಉತ್ತರ ಬರೆದಿದ್ದಾರೆ. ಪ್ರಿನ್ಸಿಪಾಲರು ಮುಂದಿನ ತಿಂಗಳೊಳಗೆ ಎಂಒಯು, ಅಂದರೆ ಒಡಂಬಡಿಕೆ ಪತ್ರ, ಆಗಿಬಿಡಬೇಕು ಅನ್ನುತ್ತಿದ್ದಾರೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದು.

ಪ್ರಿನ್ಸಿಪಾಲರ ಆತುರ ನನಗೆ ಗೊತ್ತಾಗುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಒಡಂಬಡಿಕೆಗಳ ಲೆಕ್ಕ ಕೇಳುತ್ತಾರೆ. ಆದರೆ ಕಾಗದ ಎಷ್ಟಿದೆ ಅಂತ ಮಾತ್ರ ಅಲ್ಲ, ಅದರಡಿ ಏನು ನಡೆಯಿತು ಅಂತಲೂ ಕೇಳುತ್ತಾರೆ. ನಾನು ಪಾಠ ಮಾಡಿದ ಒಂದು ಕಾಲೇಜಿಗೆ ಹೊರದೇಶದ ಪ್ರೊಫೆಸರ್ ಒಬ್ಬರು ಬಂದಿದ್ದರು. ಪ್ರಾರ್ಥನೆ, ದೀಪ, ಸ್ವಾಗತ, ಪರಿಚಯ, ಅಧ್ಯಕ್ಷರ ಮಾತು, ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಇಷ್ಟೂ ಮುಗಿಯುವ ಹೊತ್ತಿಗೆ ಊಟದ ಬೆಲ್ಲು. ಪಾಪ, ಅವರು ಟೈಪ್ ಮಾಡಿಸಿಕೊಂಡು ಬಂದಿದ್ದ ಹಾಳೆಗಳಲ್ಲಿ ಅರ್ಧವನ್ನು ಹಾಗೇ ಮಡಚಿ ಜೇಬಿಗೆ ಹಾಕಿಕೊಂಡರು. ಹಿಂದಿನ ಸಾಲಿನ ಹುಡುಗರು ಹಾಜರಿ ಹಾಕಿ ಆಗಲೇ ಬಾಗಿಲ ಹತ್ತಿರ ಇದ್ದರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಪೇಟ ತೊಟ್ಟ ಆ ಫೋಟೊ ಮಾತ್ರ ವರ್ಷಗಟ್ಟಲೆ ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗುತ್ತಲೇ ಇತ್ತು.

ಹೊರಗಿನ ಮೇಷ್ಟ್ರು ಬಂದು ಮಾಡಿದ ಒಂದು ಪಾಠ ಎಲ್ಲಿಯವರೆಗೆ ಹೋಗಬಹುದು ಅಂತ ನೋಡಬೇಕಾದರೆ ಡೀಟ್ರಿಖ್ ಕಾನ್ರಾಡ್ ಅವರದನ್ನು ನೋಡು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ಸಂಸ್ಥೆಯವರು. 1965ರ ಫೆಬ್ರವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಒಂದು ಉಪನ್ಯಾಸ ಕೊಟ್ಟರು. ಸಂವಿಧಾನ ತಿದ್ದುಪಡಿ ಮಾಡುವ ಅಧಿಕಾರಕ್ಕೆ ಬರೆಯದೇ ಇರುವ ಮಿತಿಗಳು ಇವೆಯೇ ಅನ್ನುವುದು ವಿಷಯ. ಅವರು ಕೇಳಿದ ಪ್ರಶ್ನೆಗಳು ಸರಳ. ಮೂರನೇ ಎರಡು ಬಹುಮತ ಇದ್ದರೆ ಜೀವ, ಸ್ವಾತಂತ್ರ್ಯದ ಹಕ್ಕಿನ 21ನೇ ವಿಧಿಯನ್ನೇ ಕಿತ್ತುಹಾಕಬಹುದೇ? ಸಂವಿಧಾನವನ್ನೇ ರದ್ದು ಮಾಡಿ ಮೊಗಲ್ ಬಾದಶಹರ ಆಳ್ವಿಕೆ ತರಬಹುದೇ? ನಮ್ಮವರಿಗೆ ಆಗ ಇದು ಸುಮ್ನೆ ತಮಾಷೆಯಂತೆ ಕೇಳಿಸಿರಬಹುದು. ಜರ್ಮನಿಯವರಿಗೆ ತಮಾಷೆ ಆಗಿರಲಿಲ್ಲ. ವೈಮಾರ್ ಸಂವಿಧಾನದ ತಿದ್ದುಪಡಿ ದಾರಿಯಲ್ಲೇ 1933ರಲ್ಲಿ ಹಿಟ್ಲರ್ ಎಲ್ಲ ಅಧಿಕಾರವನ್ನೂ ಕೈಗೆ ತೆಗೆದುಕೊಂಡಿದ್ದ. ಅದಕ್ಕೇ 1949ರ ಹೊಸ ಸಂವಿಧಾನದಲ್ಲಿ ಕೆಲವನ್ನು ಯಾವತ್ತೂ ಮುಟ್ಟಬಾರದು ಅಂತ ಬರೆದಿಟ್ಟರು. ಕಾನ್ರಾಡ್ ಬನಾರಸ್‌ಗೆ ಬಂದದ್ದು ಆ ಅನುಭವವನ್ನು ಹೊತ್ತುಕೊಂಡು.

ಆ ಉಪನ್ಯಾಸ ಎಂ.ಕೆ. ನಂಬಿಯಾರ್ ಅವರ ಕೈಗೆ ಸಿಕ್ಕಿತು. ಮಂಗಳೂರಿನಲ್ಲಿ ವಕೀಲಿಕೆ ಮಾಡಿ ಮೇಲೆ ಬಂದವರು ಅವರು. 1967ರ ಗೋಲಕ್‌ನಾಥ್ ಮೊಕದ್ದಮೆಯಲ್ಲಿ ಆ ವಾದವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟರು. ಕೋರ್ಟು ವಾದದಲ್ಲಿ ಬಲವಿದೆ ಅಂದಿತು, ಆದರೆ ಅದರ ಮೇಲೆ ತೀರ್ಮಾನ ಕೊಡಲಿಲ್ಲ. ಆರು ವರ್ಷದ ನಂತರ, 1973ರ ಏಪ್ರಿಲ್ 24ರಂದು, 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸುವಂತಿಲ್ಲ ಅಂತ ಹೇಳಿತು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರ ಮಾತನ್ನು ಎತ್ತಿಕೊಂಡಿದ್ದಾರೆ. ಅರ್ಜಿದಾರರು ಯಾರು ಅಂತ ನಿನಗೆ ಹೇಳಬೇಕಿಲ್ಲ. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ. ಎಡನೀರಿನ ಜಮೀನಿನ ತಕರಾರಿಗೆ ಉತ್ತರ ಹುಡುಕುವಾಗ ಹೈಡೆಲ್‌ಬರ್ಗ್‌ನ ಮೇಷ್ಟ್ರ ಮಾತು ನೆರವಿಗೆ ಬಂತು ನೋಡು. ಎಲ್ಲ ಶ್ರೇಯವೂ ಕಾನ್ರಾಡ್‌ಗೇ ಅಂತ ಕ್ಲಾಸಿನಲ್ಲಿ ಹೇಳಬೇಡ, ನಮ್ಮ ವಕೀಲರೂ ನ್ಯಾಯಾಧೀಶರೂ ತಲೆ ಕೆಡಿಸಿಕೊಂಡು ದುಡಿದಿದ್ದಾರೆ. ನಾನು ಹೇಳುವುದು ಇಷ್ಟೇ. ಅವರು ಎರಡೂ ಸಂವಿಧಾನ ಓದಿಕೊಂಡು ಬಂದಿದ್ದರು, ಕೇಳಬೇಕಾದ ಪ್ರಶ್ನೆಯನ್ನು ಕೇಳಿದರು, ಬರೆದದ್ದು ಓದುವವರ ಕೈಗೆ ಹೋಯಿತು.

ಈಗ ನಿನ್ನ ಕಾಲೇಜಿನ ವಿಷಯಕ್ಕೆ ಬರೋಣ. ಮೊದಲು ನಮ್ಮ ಕೈ ಎಷ್ಟು ಉದ್ದ ಅಂತ ನೋಡಿಕೋ. ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲಿಗೆ 1986ರ ಅದರದೇ ಕಾಯ್ದೆ ಇದೆ. ಪಠ್ಯ ಅವರದು, ಪರೀಕ್ಷೆ ಅವರದು, ಪದವಿ ಅವರದು. ಅವರ ವಿದ್ಯಾರ್ಥಿ ಒಂದು ಅವಧಿ ಹೊರಗೆ ಓದಿ ಬಂದರೆ ಅಲ್ಲಿನ ಕ್ರೆಡಿಟ್ ಒಪ್ಪಿಕೊಳ್ಳಬೇಕೋ ಬೇಡವೋ ಅಂತ ಅವರೇ ಕೂತು ತೀರ್ಮಾನಿಸಬಹುದು. ನಿನ್ನದು ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜು. ಸೆಮಿಸ್ಟರ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಲ್ಲಿಂದ ಬರುತ್ತದೆ. ನಿನ್ನ ಹುಡುಗಿಯೊಬ್ಬಳು ನಾಲ್ಕು ತಿಂಗಳು ಜರ್ಮನಿಗೆ ಹೋಗಿ ಬಂದರೆ ಇಲ್ಲಿ ತಪ್ಪಿಹೋದ ಪೇಪರುಗಳನ್ನು ಯಾರು ತುಂಬಿಕೊಡುತ್ತಾರೆ? ಹಾಜರಾತಿ ಯಾರು ಕೊಡುತ್ತಾರೆ? ವಿಶ್ವವಿದ್ಯಾಲಯದ ಲಿಖಿತ ಒಪ್ಪಿಗೆ ಕೈಯಲ್ಲಿ ಇಲ್ಲದೆ ‘ವಿದ್ಯಾರ್ಥಿ ವಿನಿಮಯ’ ಅಂತ ಎಂಒಯುನಲ್ಲಿ ಬರೆಯಲು ಬಿಡಬೇಡ. ಪ್ರಿನ್ಸಿಪಾಲರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಒಂದು ಮಗುವಿನ ವರ್ಷ ಹಾಳಾದರೆ ಅದರ ಅಪ್ಪ ಅಮ್ಮ ಬಂದು ನಿಲ್ಲುವುದು ನಿನ್ನ ಮುಂದೆ ಕಣೇ, ಅವರ ಮುಂದೆ ಅಲ್ಲ.

ವಿನಿಮಯ ಯಾಕೆ ಕೆಲವು ಕಡೆ ನಡೆಯುತ್ತದೆ, ಕೆಲವು ಕಡೆ ನಿಂತುಹೋಗುತ್ತದೆ ಅನ್ನುವುದನ್ನೂ ತಿಳಿದುಕೋ. ಹ್ಯಾಂಬರ್ಗ್‌ನಲ್ಲಿ ಬುಸೇರಿಯಸ್ ಲಾ ಸ್ಕೂಲ್ ಇದೆ. 2000ದಲ್ಲಿ ಶುರುವಾಯಿತು, ಜರ್ಮನಿಯ ಮೊದಲ ಖಾಸಗಿ ಲಾ ಸ್ಕೂಲು. ಅಲ್ಲಿನ ಪ್ರತಿ ವಿದ್ಯಾರ್ಥಿಯೂ ಒಂದು ಟ್ರೈಮೆಸ್ಟರ್ ಹೊರದೇಶದಲ್ಲಿ ಓದಲೇಬೇಕು. ಅಷ್ಟು ಜನಕ್ಕೆ ಬೇರೆ ಬೇರೆ ದೇಶಗಳಲ್ಲಿ ಸೀಟು ಬೇಕಲ್ಲ? ಹಾಗಾಗಿ ಅವರು ಅದೇ ಹೊತ್ತಿಗೆ, ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ, ಇಂಗ್ಲಿಷಿನಲ್ಲೇ ಒಂದು ಪೂರ್ತಿ ಕಾರ್ಯಕ್ರಮ ನಡೆಸಿ ಹೊರಗಿನ ಮಕ್ಕಳನ್ನು ಕೂರಿಸುತ್ತಾರೆ. ಇಬ್ಬರಿಗೂ ಗರಜು ಇದೆ, ಅದಕ್ಕೇ ನಡೆಯುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಬೇರೆ. ನಮ್ಮ ಮಕ್ಕಳಿಗೆಲ್ಲ ಹೋಗುವ ಆಸೆ, ಅವರ ಮಕ್ಕಳು ಯಾರೂ ಬರುವುದಿಲ್ಲ. ಲೆಕ್ಕ ಒಂದೇ ಕಡೆ ವಾಲಿದರೆ ಅವರು ಎರಡು ವರ್ಷ ನೋಡುತ್ತಾರೆ, ಮೂರನೇ ವರ್ಷ ಇಮೇಲ್‌ಗೆ ಉತ್ತರ ಬರುವುದಿಲ್ಲ.

ದುಡ್ಡಿನ ಮಾತೂ ಇದೆ. ಜರ್ಮನಿಯ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನೆಯ ಫೀಸೇ ಇಲ್ಲ. ಹಾಗಾಗಿ ‘ಫೀಸ್ ಮನ್ನಾ’ ಅಂತ ಅವರು ಬರೆದರೆ ಅದೇನೂ ದೊಡ್ಡ ಉಪಕಾರ ಅಂದುಕೊಳ್ಳಬೇಡ. ಖರ್ಚು ಇರುವುದು ಇರುವುದಕ್ಕೆ, ತಿನ್ನುವುದಕ್ಕೆ, ವಿಮಾನಕ್ಕೆ. ವಿದ್ಯಾರ್ಥಿ ವೀಸಾಕ್ಕೆ ತಿಂಗಳಿಗೆ ಸುಮಾರು ಸಾವಿರ ಯೂರೋ ಲೆಕ್ಕದಲ್ಲಿ ಹಣ ಇದೆ ಅಂತ ತೋರಿಸಬೇಕು. ನಮ್ಮ ದುಡ್ಡಿನಲ್ಲಿ ಹತ್ತಿರ ಹತ್ತಿರ ಲಕ್ಷ ರೂಪಾಯಿ, ಒಂದು ತಿಂಗಳಿಗೆ. ನಿನ್ನ ಕ್ಲಾಸಿನಲ್ಲಿ ಎಷ್ಟು ಮಕ್ಕಳ ಮನೆಯಲ್ಲಿ ಅದು ಸಾಧ್ಯ? ಯುರೋಪಿನ ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ಭಾರತದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಹಣ ಸಿಗುವ ದಾರಿ ಒಂದಿದೆ. ಆದರೆ ಅರ್ಜಿ ಹಾಕಬೇಕಾದವರು ಅಲ್ಲಿಯವರು. ಈಗ ಸ್ನೇಹದಲ್ಲಿ ಇದ್ದಾರಲ್ಲ, ಸಂಕೋಚ ಪಡದೆ ಕೇಳಿಬಿಡು.

ನನ್ನ ಸಲಹೆ ಏನು ಅಂದರೆ, ಮೊದಲ ವರ್ಷ ಯಾರೂ ಎಲ್ಲಿಗೂ ಹೋಗುವುದು ಬೇಡ. ನೀನು ಮತ್ತು ಅಲ್ಲಿನ ಒಬ್ಬ ಅಧ್ಯಾಪಕರು ಸೇರಿ ನಾಲ್ಕು ಕ್ಲಾಸು ಮಾಡಿ. ವಿಡಿಯೊದಲ್ಲಿ. ಆಗ ಕೊನೆ ಬೆಂಚಿನ ಹುಡುಗನೂ ಜರ್ಮನಿಯ ಹುಡುಗಿಯ ಜೊತೆ ವಾದ ಮಾಡುತ್ತಾನೆ. ದುಡ್ಡಿದ್ದವನು ಒಬ್ಬ ಹೋಗಿ ಫೋಟೊ ಹಾಕುವುದಕ್ಕಿಂತ ಅದು ವಾಸಿ ಅಲ್ವಾ?

ಏನು ಪಾಠ ಮಾಡುವುದು ಅಂತ ಕೇಳುತ್ತೀಯ. ಅವರು ‘ಯುರೋಪಿಯನ್ ಯೂನಿಯನ್ ಕಾನೂನು ಹೇಳಿಕೊಡುತ್ತೇವೆ’ ಅನ್ನುತ್ತಾರೆ. ಹೇಳಿಕೊಡಲಿ, ಬೇಡ ಅನ್ನಬೇಡ. ಆದರೆ ನಾವು ಬರೀ ಕೇಳುವವರಾಗಿ ಕೂತರೆ ಅದು ಪಾಲುದಾರಿಕೆ ಆಗುವುದಿಲ್ಲ. ನೀನು ಕಾವೇರಿ ತೆಗೆದುಕೊಂಡು ಹೋಗು.

ಯಾಕೆ ಅಂತ ಹೇಳುತ್ತೇನೆ. 1924ರಲ್ಲಿ ಮೈಸೂರು ಮತ್ತು ಮದ್ರಾಸು ಕಾವೇರಿ ಒಪ್ಪಂದ ಮಾಡಿಕೊಂಡವು. ಅದಾದ ಮೂರೇ ವರ್ಷಕ್ಕೆ, 1927ರಲ್ಲಿ, ಜರ್ಮನಿಯ ರಾಜ್ಯಗಳ ನಡುವಿನ ನೀರಿನ ಜಗಳದಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆದೇಶ ಕೊಟ್ಟಿತು. ಡ್ಯಾನ್ಯೂಬ್ ನದಿಯ ಕಥೆ ಅದು, ಮಜವಾಗಿದೆ. ಬಾಡೆನ್ ರಾಜ್ಯದಲ್ಲಿ ನದಿಯ ನೀರು ಪಾತ್ರದ ಬಿರುಕುಗಳಲ್ಲಿ ಇಂಗಿ ಕಾಣೆಯಾಗುತ್ತದೆ. ಆ ನೀರು ನೆಲದಡಿ ಹರಿದು ಆಹ್ ಅನ್ನುವ ಊಟೆಯಲ್ಲಿ ಮೇಲೆದ್ದು ರೈನ್ ನದಿಯ ಕಡೆಗೆ ಹೋಗುತ್ತದೆ. ಕೆಳಗಿನ ವುರ್ಟೆಂಬರ್ಗ್‌ಗೆ ಡ್ಯಾನ್ಯೂಬ್ ಒಣಗುತ್ತದೆ. ನಮ್ಮ ನೀರು ಇಂಗಿಸುತ್ತಿದ್ದೀರಿ ಅಂತ ವುರ್ಟೆಂಬರ್ಗ್‌ನವರು, ಇಂಗುವುದನ್ನು ನೀವು ತಡೆಯುತ್ತಿದ್ದೀರಿ ಅಂತ ಬಾಡೆನ್‌ನವರು. ಪ್ರಶ್ಯಾ ರಾಜ್ಯ ಕೂಡ ವುರ್ಟೆಂಬರ್ಗ್ ಪರ ಸೇರಿಕೊಂಡಿತು. ಕೃತಕವಾಗಿ ಇಂಗುವುದನ್ನು ಹೆಚ್ಚಿಸಬೇಡಿ ಅಂತ ಬಾಡೆನ್‌ಗೆ, ತಾನಾಗಿ ಇಂಗುವುದನ್ನು ಕಡಿಮೆ ಮಾಡಬೇಡಿ ಅಂತ ವುರ್ಟೆಂಬರ್ಗ್‌ಗೆ ಕೋರ್ಟು ಹೇಳಿತು. ಒಂದೇ ದೇಶದ ರಾಜ್ಯಗಳಾದರೂ ದೇಶ ದೇಶಗಳ ನಡುವಿನ ಕಾನೂನಿನ ತತ್ವವನ್ನೇ ಅನ್ವಯಿಸಿತು.

ಇದರ ಪಕ್ಕದಲ್ಲಿ ನಮ್ಮ ಸುಪ್ರೀಂ ಕೋರ್ಟಿನ 2018ರ ಫೆಬ್ರವರಿ 16ರ ತೀರ್ಪು ಇಡು. ಅದೂ ದೇಶ ದೇಶಗಳ ನಡುವಿನ ನದಿಗಳಿಗೆ ಮಾಡಿದ 1966ರ ಹೆಲ್ಸಿಂಕಿ ನಿಯಮಗಳನ್ನು ನೋಡಿತು. ತಮಿಳುನಾಡಿಗೆ ಬಿಳಿಗುಂಡ್ಲುವಿನಲ್ಲಿ ಬಿಡಬೇಕಾದ ನೀರನ್ನು 192ರಿಂದ 177.25 ಟಿಎಂಸಿಗೆ ಇಳಿಸಿತು. ನಮಗೆ ಹೆಚ್ಚಾದ 14.75ರಲ್ಲಿ 4.75 ಟಿಎಂಸಿ ಬೆಂಗಳೂರಿನ ಕುಡಿಯುವ ನೀರಿಗೆ. ಕುಡಿಯುವ ನೀರಿಗೆ ಮೊದಲ ಜಾಗ ಯಾಕೆ, ನದಿ ಕಣಿವೆಯ ಹೊರಗೂ ಹರಡಿದ ಊರಿಗೆ ಕೊಡಬಹುದೇ ಅಂತ ಜರ್ಮನಿಯ ಮಕ್ಕಳು ಕೇಳೇ ಕೇಳುತ್ತಾರೆ. ಮಂಡ್ಯದ ಕಡೆಯ ಮಕ್ಕಳು ನಿನ್ನ ಕ್ಲಾಸಿನಲ್ಲಿ ಇದ್ದಾರೆ ಅಂದಿದ್ದೆಯಲ್ಲ, ಉತ್ತರ ಅವರು ಹೇಳಲಿ. ನಾಲೆಗೆ ನೀರು ಬಿಡುವ ದಿನ, ಬಿಡದ ದಿನ ಅಂದರೇನು ಅಂತ ಅವರಿಗೆ ಗೊತ್ತು. ಇಂಗ್ಲಿಷಿನಲ್ಲಿ ತಡವರಿಸಿದರೆ ತಡವರಿಸಲಿ. ಆ ಕಡೆಯವರಿಗೂ ಅದು ಎರಡನೇ ಭಾಷೆಯೇ. ಜಾಣ ಮಾತುಗಾರ ಹುಡುಗರನ್ನು ಇಬ್ಬರನ್ನು ಆರಿಸಿ ಮುಂದೆ ಕೂರಿಸುವ ಅಭ್ಯಾಸ ನಮ್ಮಲ್ಲಿದೆ, ಅದನ್ನು ಮಾತ್ರ ಮಾಡಬೇಡ.

ಮಕ್ಕಳಿಗೆ ಓದಲು ಕೊಡುವುದು ಜಾಸ್ತಿ ಬೇಡ. ಕಾವೇರಿ ತೀರ್ಪು ನೂರಾರು ಪುಟ ಇದೆ, ಅದರಲ್ಲಿ ಹದಿನೈದು ಪುಟ ನೀನೇ ಆರಿಸು. ಅವರೂ ಹಾಗೇ ಆರಿಸಿ ಕಳಿಸಲಿ. ಪ್ರತಿ ಗುಂಪಿನಲ್ಲಿ ಇಲ್ಲಿನ ಇಬ್ಬರು, ಅಲ್ಲಿನ ಇಬ್ಬರು. ಕೊನೆಗೆ ನಾಲ್ವರೂ ಸೇರಿ ಒಂದು ಕಾಲ್ಪನಿಕ ನದಿಗೆ ಹಂಚಿಕೆಯ ಆದೇಶ ಬರೆಯಲಿ. ನಮ್ಮ ಮಕ್ಕಳು ಹಿಂದಿನ ತೀರ್ಪುಗಳನ್ನು ಹುಡುಕಿಕೊಂಡು ಹೊರಡುತ್ತಾರೆ, ಅವರು ಕಾಯ್ದೆಯ ಸೆಕ್ಷನ್‌ನಿಂದ ಹೊರಡುತ್ತಾರೆ. ಒಂದೇ ಹಾಳೆಯಲ್ಲಿ ಬರೆಯಬೇಕಾದಾಗ ಜಗಳ ಆಗುತ್ತದೆ. ಆ ಜಗಳವೇ ಪಾಠ, ಮಧ್ಯೆ ಹೋಗಿ ಬಿಡಿಸಬೇಡ. ಮತ್ತೆ, ಆ ಆದೇಶಕ್ಕೆ ಇಂಟರ್ನಲ್ ಮಾರ್ಕ್ಸ್ ಕೊಡು. ನಿನ್ನ ಕೈಯಲ್ಲಿ ಇರುವುದು ಅದೊಂದೇ. ಅಂಕ ಇಲ್ಲದ ಕೆಲಸವನ್ನು ನಮ್ಮ ಮಕ್ಕಳು ಮುಟ್ಟುವುದಿಲ್ಲ, ಅದು ನಿನಗೂ ಗೊತ್ತು.

ಗಡಿಯಾರದ ವಿಷಯ ಒಂದು. ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನವರು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅಲ್ಲಿಯವರೆಗೆ ಮೂರೂವರೆ ಗಂಟೆಯ ವ್ಯತ್ಯಾಸ, ಆಮೇಲೆ ನಾಲ್ಕೂವರೆ. ಅವರ ಬೆಳಿಗ್ಗೆ 11ರ ಕ್ಲಾಸು ನಮಗೆ ಮಧ್ಯಾಹ್ನ 2.30ಕ್ಕೆ ಇದ್ದದ್ದು 3.30ಕ್ಕೆ ಹೋಗುತ್ತದೆ. ಹಳ್ಳಿಯಿಂದ ಬರುವ ಮಕ್ಕಳ ಬಸ್ಸು ಎಷ್ಟು ಹೊತ್ತಿಗೆ ಅಂತ ಈಗಲೇ ಕೇಳಿಟ್ಟುಕೋ. ಅವರ ಚಳಿಗಾಲದ ಸೆಮಿಸ್ಟರ್‌ನ ಪಾಠ ಅಕ್ಟೋಬರ್ ಮಧ್ಯದಲ್ಲಿ ಶುರು, ನಮ್ಮ ಪರೀಕ್ಷೆಯ ತಯಾರಿ ಸ್ವಲ್ಪ ದಿನಕ್ಕೇ ಬರುತ್ತದೆ. ನಡುವೆ ಸಿಗುವುದು ಕೆಲವೇ ವಾರ, ದಸರಾ ರಜೆಯನ್ನೂ ನೋಡಿಕೊಂಡು ತಾರೀಖು ಹಾಕು.

ಎರಡನೇ ವರ್ಷ ಅವರ ಅಧ್ಯಾಪಕರು ಬರಲಿ. ಪಾಠ ಮಾಡಲು ಬರುವವರಿಗೆ ಯಾವ ವೀಸಾ ಬೇಕು ಅಂತ ಮೊದಲೇ ವಿಚಾರಿಸು, ಪ್ರವಾಸಿ ವೀಸಾದಲ್ಲಿ ಬನ್ನಿ ಅಂತ ಯಾರೋ ಹೇಳುತ್ತಾರೆ, ಕೇಳಬೇಡ. ಗೆಸ್ಟ್ ಹೌಸಿನಲ್ಲಿ ಇಳಿಸಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಆನ್‌ಲೈನ್‌ನಲ್ಲಿ ತಿಳಿಸುವ ಜವಾಬ್ದಾರಿ ಕಾಲೇಜಿನದು. ವೇದಿಕೆ ಕಾರ್ಯಕ್ರಮ ಬೇಕೇ ಬೇಕು ಅಂದರೆ ಕೊನೆಯ ದಿನ ಸಂಜೆ ಇಡು. ಮುಂಚಿನ ದಿನಗಳೆಲ್ಲ ಕ್ಲಾಸಿಗೆ. ಒಂದು ದಿನ ಕೆಆರ್‌ಎಸ್‌ಗೆ ಕರೆದುಕೊಂಡು ಬಾ, ನಾನೂ ಬರುತ್ತೇನೆ.

ಪ್ರಿನ್ಸಿಪಾಲರಿಗೆ ಎಂಒಯು ಬೇಕಲ್ಲ, ಎರಡು ಪುಟದ್ದು ಮಾಡು. ಇಬ್ಬರು ಅಧ್ಯಾಪಕರ ಹೆಸರು, ನಾಲ್ಕು ತಾರೀಖು, ಅಂಕ ಯಾರು ಹಾಕುತ್ತಾರೆ, ರೆಕಾರ್ಡಿಂಗ್ ಯಾರ ಬಳಿ ಇರುತ್ತದೆ, ನೀನು ರಜೆ ಹಾಕಿದರೆ ನಿನ್ನ ಜಾಗದಲ್ಲಿ ಯಾರು. ಈ ಕೊನೆಯದನ್ನು ಬಿಡಬೇಡ. ಒಬ್ಬರು ವರ್ಗವಾಗಿ ಹೋದರೆ ಇಂಥ ಕೆಲಸ ಅಲ್ಲಿಗೇ ನಿಲ್ಲುತ್ತದೆ, ಎಷ್ಟೋ ಕಡೆ ನೋಡಿದ್ದೇನೆ. ಕರಡು ಬರೆದು ಭಾನುವಾರದೊಳಗೆ ಕಳಿಸು, ತಿದ್ದಿ ಕೊಡುತ್ತೇನೆ. ಡ್ಯಾನ್ಯೂಬ್ ತೀರ್ಪಿನ ಇಂಗ್ಲಿಷ್ ಪ್ರತಿ ಸಿಗುತ್ತದೆಯೇ ಅಂತ ಆ ಜರ್ಮನಿಯವರಿಗೆ ಇವತ್ತೇ ಬರೆದು ಕೇಳು. ಅವರು ಎಷ್ಟು ಬೇಗ ಕಳಿಸುತ್ತಾರೆ ಅನ್ನುವುದರಲ್ಲೇ ಅವರಿಗೆ ಎಷ್ಟು ಮನಸ್ಸಿದೆ ಅಂತ ತಿಳಿಯುತ್ತದೆ.

ಅಮ್ಮನಿಗೆ ಮಂಡಿ ನೋವು ಹೇಗಿದೆ ಅಂತ ಬರಿ.

ಇಂತಿ,
ನಿನ್ನ ದೊಡ್ಡಮ್ಮ