ನೋವಿನ ಗುಳಿಗೆ ಕೊಡುವ ಮುನ್ನ ಕೇಳಿ

ಮಾನ್ಯ ಸಂಪಾದಕರೇ,

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ತೆಗೆದುಕೊಳ್ಳುವವರಿಗೆ ಚೀಟಿಯಿಲ್ಲದೆ ನೋವಿನ ಗುಳಿಗೆ ಕೊಡುವುದು ನಿಲ್ಲಬೇಕು. ಹೃದಯದ ಕವಾಟ ಬದಲಿಸಿಕೊಂಡ ನಮ್ಮ ತಂದೆಗೆ ದಿನಾ ರಾತ್ರಿ ಇಂಥದ್ದೇ ಗುಳಿಗೆ ವಾರ್ಫರಿನ್ ಬೇಕೇ ಬೇಕು. ಕಳೆದ ತಿಂಗಳು ಹೊಲದಿಂದ ಬಂದವರು ಮೊಣಕಾಲು ನೋವೆಂದು ಅಂಗಡಿಯೊಂದರಲ್ಲಿ ಡೈಕ್ಲೋಫೆನಾಕ್ ತಂದು ನುಂಗಿದರು. ನಾಲ್ಕನೇ ದಿನ ಹಲ್ಲುಜ್ಜುವಾಗ ವಸಡಿನಿಂದ ರಕ್ತ. ಬಾಯಿ ಮುಕ್ಕಳಿಸಿದ ನೀರೆಲ್ಲ ಕೆಂಪು, ಮುಂಗೈ ಮೇಲೆ ನೀಲಿ ಕಲೆ. ಎರಡೂ ಗುಳಿಗೆ ಸೇರಿ ರಕ್ತಸ್ರಾವ ಶುರುವಾಗಿತ್ತು; ಪುಣ್ಯಕ್ಕೆ ಬೇಗ ಗೊತ್ತಾಯಿತು.

ವಾರ್ಫರಿನ್ ಜಾಸ್ತಿ ಕೆಲಸ ಮಾಡಿದರೆ ರಕ್ತಸ್ರಾವ, ಕಡಿಮೆಯಾದರೆ ಹೆಪ್ಪು. ಅದಕ್ಕೇ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆ. ಬಹಳಷ್ಟು ಜನರಿಗೆ ಅದು 2ರಿಂದ 3ರ ನಡುವೆ ಇರಬೇಕು, ಕೆಲವು ಕೃತಕ ಕವಾಟದವರಿಗೆ ಸ್ವಲ್ಪ ಹೆಚ್ಚು. ಇನ್ನು, ಸೊಪ್ಪು ಮುಟ್ಟಲೇಬೇಡಿ ಎಂದು ಸುಮ್ನೆ ಹೆದರಿಸುವವರಿದ್ದಾರೆ. ರೊಟ್ಟಿ ಜೊತೆ ಹಸಿ ಮೆಂತ್ಯ ಸೊಪ್ಪಿಲ್ಲದೆ ನಮ್ಮ ಕಡೆ ಊಟ ಆಗುತ್ತದೆಯೇ? ಸೊಪ್ಪಿನ ವಿಟಮಿನ್ ಕೆ ಈ ಗುಳಿಗೆಯ ಬಲ ತಗ್ಗಿಸುವುದು ನಿಜ. ಆದರೆ ದಿನವೂ ಹೆಚ್ಚೂಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ವೈದ್ಯರು ಡೋಸ್ ಹೊಂದಿಸುತ್ತಾರೆ. ಒಂದು ವಾರ ಪೂರ್ತಿ ಬಿಟ್ಟು, ಮುಂದಿನ ವಾರ ಕಟ್ಟುಗಟ್ಟಲೆ ತಿನ್ನುವುದೇ ತೊಂದರೆ.

ಗದಗ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಂಥವರಿಗೆ ಕನ್ನಡದಲ್ಲೇ ಅಂಗೈಯಗಲದ ಕಾರ್ಡ್ ಕೊಡಲಿ. ಗುಳಿಗೆಯ ಹೆಸರು, ಡೋಸ್, ಮುಂದಿನ ಪರೀಕ್ಷೆಯ ದಿನ ಇದ್ದರೆ ಸಾಕು. ಔಷಧ ಅಂಗಡಿಯವರೂ ನೋವಿನ ಗುಳಿಗೆಗೆ ಕೈ ಹಾಕುವ ಮೊದಲು ‘ರಕ್ತ ತೆಳು ಮಾಡೋ ಗುಳಿಗಿ ತಗೋತೀರೇನ್ರಿ?’ ಎಂದು ಒಂದು ಮಾತು ಕೇಳಲಿ.

– ಓದುಗ, ಮುಂಡರಗಿ